ನನ್ನ ಸರ್ವೀಸು, ಓಬಳೇಶನ ಸೋಲು

೫-೧೧-೭೮, ಭಾನುವಾರ, ಬೆಳಿಗ್ಗೆ

ಇವತ್ತೂ ಗೋಡೆಯೇ. ಆದೋನಿಯ ನಮ್ಮ ಹತ್ತಿ ಗೋದಾಮಿನ ಹಿಂದಿನ ಗೋಡೆಗೆ ನೆಟ್ಟಿನ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದರ ಮೇಲೆ ಒಂದು ಗೇಣಿನೊಳಗೆ ಚೆಂಡು ತಾಗಿಸುವ ಅಭ್ಯಾಸ. ಮೊದಲು ಹತ್ತಕ್ಕೆ ಮೂರು ತಾಗುತ್ತಿತ್ತು. ಈಗ ಏಳು. ಎಂಟು ಎಂದರೂ ಸುಳ್ಳಲ್ಲ.

ಬಾಲ್ ಬ್ಯಾಡ್ಮಿಂಟನ್ನಿನ ಉಣ್ಣೆ ಚೆಂಡು ಬಲು ಹಗುರ. ಗಾಳಿ ಎದ್ದರೆ ತನ್ನಿಷ್ಟ ಬಂದ ಕಡೆ ಹೋಗುತ್ತದೆ. ರಟ್ಟೆಯಲ್ಲಿ ಜೋರಿದ್ದರೆ ಸಾಲದು, ಮಣಿಕಟ್ಟಿಗೆ ಬುದ್ಧಿ ಇರಬೇಕು. ನನ್ನದಕ್ಕಿದೆ. ಪೆದ್ದಹರಿವಾಣಂನಲ್ಲಿ ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟರೂ ಮಣಿಕಟ್ಟು ಬಿಡಲಿಲ್ಲ, ಓದುತ್ತಲೇ ಹೋಯಿತು.

ಸಂಕ್ರಾಂತಿಗೆ ಗುಂತಕಲ್ಲಿನಲ್ಲಿ ಟೂರ್ನಮೆಂಟು. ಒಂದು ತಂಡಕ್ಕೆ ಐದು ಜನ. ನಮ್ಮಲ್ಲಿ ನಾಲ್ವರು ಗಟ್ಟಿ, ಐದನೆಯ ಜಾಗ ಖಾಲಿ, ನನ್ನ ಕಣ್ಣು ಅದರ ಮೇಲೆ. ಕ್ಯಾಪ್ಟನ್ ಸೇತುಮಾಧವ ತಾಲ್ಲೂಕು ಕಚೇರಿ ಗುಮಾಸ್ತ. ಬಾಯಿ ತೆರೆಯುವ ಮೊದಲು ಕನ್ನಡಕ ಒರೆಸುವ ಮನುಷ್ಯ.

"ನೋಡೋಣ್ರಿ ಚಂದ್ರಣ್ಣ, ಇನ್ನೂ ಟೈಮ್ ಅದ."

ನಾನು ನಲವತ್ತು ದಾಟಿದವನೆಂದು ಅನುಮಾನ ಅವನಿಗೆ. ಇರಲಿ.

೮-೧೧, ಬುಧವಾರ

ಓಬಳೇಶನನ್ನು ಸೋಲಿಸಿದೆ!! ಕರೆಂಟ್ ಆಫೀಸಿನ ಹುಡುಗ, ತಂಡದ ಆ ನಾಲ್ವರಲ್ಲಿ ಮೊದಲಿಗ. ಅವನ ಕೈಗೆ ಸಿಕ್ಕ ಚೆಂಡು ಸುಮ್ಮನೆ ವಾಪಸ್ ಬಂದದ್ದು ನಾನು ನೋಡಿಲ್ಲ. ಇವತ್ತು ನಾವಿಬ್ಬರೇ ಆಡಿದೆವು. ೨೯–೨೫. ನನ್ನ ಕಟ್ ಸರ್ವೀಸ್ ಅವನಿಗೆ ತಿಳಿಯಲೇ ಇಲ್ಲ.

"ಏನ್ ಸರ್ವೀಸಪ್ಪಾ ಇದು! ಯಾಡ ನೇರ್ಚುಕುನ್ನಾವಣ್ಣಾ?" ಅಂದ.

ಎಲ್ಲಿ ಕಲಿತೆ ಎಂದು ಹೇಳಲಿಲ್ಲ. ಗೋಡೆಯ ಸಂಗತಿ ಗುಟ್ಟಾಗಿರಬೇಕು. ಮನೆಗೆ ಬರುವಾಗ ಬಜಾರದಲ್ಲಿ ಆರೇಳು ಜನಕ್ಕೆ ಮಾತ್ರ ಸ್ಕೋರು ಹೇಳಿದೆ.

೧೨-೧೧, ಭಾನುವಾರ

ಮತ್ತೆ ಗೆದ್ದೆ. ೨೯–೨೧.

೧೫-೧೧

೨೯–೧೭. ಒಂದು ವಾರದಲ್ಲಿ ಇಷ್ಟು ಏರಿದೆನೆ? ಏರಿದ್ದೇನೆ. ಆದರೂ...

ನನ್ನ ಕಸುಬು ಅಡತಿ ಅಂಗಡಿಯಲ್ಲಿ ಹತ್ತಿ ನೋಡುವುದು. ಹತ್ತಿ ತುಂಬಿದ ಅಂಡಿಗೆಯ ಬಾಯಲ್ಲಿ ಬೆಳ್ಳಗೆ ಕಂಡರೆ ನಂಬುವುದಿಲ್ಲ, ಮೊಣಕೈವರೆಗೆ ಕೈ ಹಾಕಿ ತಳ ತಡವುತ್ತೇನೆ. ತೂಕ ಹೆಚ್ಚಲೆಂದು ತಳದಲ್ಲೇ ನೀರು ಚಿಮುಕಿಸಿರುತ್ತಾರೆ. ಓಬಳೇಶನ ಸೋಲು ಬಾಯಲ್ಲಿ ಬಲು ಬೆಳ್ಳಗಿದೆ.

೧೯-೧೧, ಭಾನುವಾರ, ರಾತ್ರಿ ಊಟ ಆದಮೇಲೆ

ಗುಂತಕಲ್ಲಿನಿಂದ ಒಂದು ತಂಡ ಸುಮ್ಮನೆ ಆಡಿ ಹೋಗಲು ಬಂದಿತ್ತು. ನಾನು ಗೆರೆಯ ಹೊರಗೆ ಕೂತೆ. ಅವರಲ್ಲಿ ಒಬ್ಬನ ಸರ್ವೀಸು ಥೇಟ್ ನನ್ನಂಥದೇ, ಸ್ವಲ್ಪ ಹೆಚ್ಚೇ ತಿರುಗುತ್ತದೆ (ಗಾಳಿ ಅವನ ಕಡೆಗಿತ್ತು). ಓಬಳೇಶ ಅದನ್ನು ನೊಣ ಹೊಡೆದ ಹಾಗೆ ಹೊಡೆದ. ಒಂದಲ್ಲ, ಎಲ್ಲವನ್ನೂ. ಹೊಡೆದು ನನ್ನತ್ತ ನೋಡಿದ. ನೋಡಿ ಮುಖ ತಿರುಗಿಸಿದ.

ತಳ ಒದ್ದೆ ಇದೆ.

೨೨-೧೧

ಪರೀಕ್ಷೆ ಮಾಡಿದೆ. ಬೇಕೆಂದೇ ಕೂಸೂ ಹೊಡೆಯುವಂಥ ಚೆಂಡು ಕೊಟ್ಟೆ. ನೆಟ್ಟಿಗೆ ಹೊಡೆದ. ಇನ್ನೊಂದು ಕೊಟ್ಟೆ. ಅದನ್ನೂ ನೆಟ್ಟಿಗೇ. "ಅಬ್ಬಬ್ಬಾ, ಏನ್ ತಿರುಗ್ತದಣ್ಣಾ!" ಅಂದ. ಅದು ತಿರುಗಿರಲೇ ಇಲ್ಲ! ನನಗೆ ಗೊತ್ತಿಲ್ಲವೇ?

ಏನಿರಬಹುದು ಇದು... ಸೇತುಮಾಧವನ ಆಟವೇ? ನನ್ನನ್ನು ಉಬ್ಬಿಸಿ ಗುಂತಕಲ್ಲಿನಲ್ಲಿ ಎಲ್ಲರೆದುರು ಕೆಡವಲೆಂದೇ? ಇಲ್ಲಾ ಓಬಳೇಶನಿಗೆ ಗಾದಿಗೆ ಒಳ್ಳೆ ಹತ್ತಿ ಬೇಕಾಗಿದೆಯೇ? ಬೇಕಾದರೆ ಕೇಳಬಹುದಿತ್ತು. ಹೆಂಡತಿ ಎರ್ರಮ್ಮನಿಗೆ ಹೇಳಿದೆ.

"ಗೆದ್ದರೂ ನಿದ್ದಿಲ್ಲ ನಿನಗ, ಸೋತರೂ ನಿದ್ದಿಲ್ಲ. ದೀಪ ಆರಿಸು" ಅಂದಳು. ಅಂದು, ಬಾಯಿಗೆ ಸೆರಗು ಇಟ್ಟುಕೊಂಡಳು.

ಇವಳಿಗೂ ಏನೋ ಗೊತ್ತಿದೆ.

೨೯-೧೧, ಬುಧವಾರ, ಸಂಜೆ

ಸಿಕ್ಕಿತು.

ಅಕ್ಕ ಗಾದಿಲಿಂಗಮ್ಮನ ಮನೆಗೆ ಹೇಳದೆ ಕೇಳದೆ ಹೋದೆ. ಪಡಸಾಲೆಯಲ್ಲಿ ಓಬಳೇಶನ ತಾಯಿ! ನನ್ನನ್ನು ಕಂಡು ಗಡಬಡಿಸಿ ಎದ್ದು ಹೋದಳು. ಅರ್ಧ ತಿಂದ ಉಗ್ಗಾಣಿ ತಟ್ಟೆಯಲ್ಲೇ ಉಳಿಯಿತು.

ಅಕ್ಕನ ಮಗಳು ರಾಮಲಕ್ಷ್ಮಿಯನ್ನು ಓಬಳೇಶನಿಗೆ ಕೇಳುತ್ತಿದ್ದಾರೆ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಮಾವನಿಗೆ ಮೊದಲೇ ಮದುವೆಯಾಗಿದ್ದರೂ ಅವನು "ಕೊಡ್ರಿ" ಎನ್ನದೆ ನಿಶ್ಚಯದ ಎಲೆ-ಅಡಿಕೆ ಬದಲಾಗುವುದಿಲ್ಲ. ಈ ಹಿಂದೆ ಇಬ್ಬರು ಹುಡುಗರಿಗೆ ನಾನು ಹಾಗನ್ನಲಿಲ್ಲ. ಕೌತಾಳಂನವನು ಆಡು ಕೂಗಿದ ಹಾಗೆ ನಗುತ್ತಿದ್ದ. ಮದ್ದಿಕೇರದವನು ನಗಲೇ ಇಲ್ಲ.

"ನಾನ ಹೇಳೀನಿ ಅವನಿಗೆ" ಅಂದಳು ಅಕ್ಕ. "ನಮ್ಮ ತಮ್ಮ ಆಟ ಗೆದ್ದರ ಊರಿಗೆಲ್ಲ ಬೆಲ್ಲ ಹಂಚ್ತಾನ, ಸೋತರ ದೇವರ ಮ್ಯಾಗೂ ಸಂಶಯ ಪಡ್ತಾನ. ಗೆಲ್ಲಲಿ ಬಿಡಪ್ಪಾ, ಹೂಂ ಅಂತಾನ ಅಂತ."

"ಹುಡುಗಿ ಕೇಳಿದ್ರ ಕೊಡ್ತಿದ್ನೆಲ್ಲ! ಆಟ ಯಾಕ ಕೊಟ್ಟ ಅಂವ?"

ಬಾಗಿಲ ಹಿಂದಿನಿಂದ ರಾಮಲಕ್ಷ್ಮಿ: "ಓಡಿಸು ಮಾಮಾ, ಇವನ್ನೂ ಓಡಿಸು. ಆಮ್ಯಾಗ ನಿನ್ನ ಗೋದಾಮಿನ ಗೋಡಿಗೇ ಕೊಟ್ಟು ಮದಿವಿ ಮಾಡು ನನ್ನ. ಅದಾದರ ನೀ ಹೆಂಗ ಹೊಡೆದರೂ ವಾಪಸ್ ಕೊಡ್ತೈತಿ."

ಗೋಡೆಯ ಸಂಗತಿ ಇವಳಿಗೆ ಯಾರು ಹೇಳಿದರು?

ನಗುತ್ತಾಳೆಂದುಕೊಂಡು ಒಳಗೆ ಇಣುಕಿದೆ. ನಗುತ್ತಿರಲಿಲ್ಲ. ಮೂಗು ಕೆಂಪಾಗಿತ್ತು.

೧-೧೨, ಶುಕ್ರವಾರ

ಕರೆಂಟ್ ಆಫೀಸಿಗೇ ಹೋಗಿ ಓಬಳೇಶನನ್ನು ಹೊರಗೆ ಕರೆದೆ.

"ಭಾನುವಾರ ಬಾ. ಆಡೂದಾದ್ರ ಪೂರಾ ಆಡು. ಒಂದು ಚೆಂಡು ಬೇಕಂತ ಬಿಟ್ಟಿ ಅಂದ್ರ ಹುಡುಗಿ ಇಲ್ಲ."

ಬಿಳಿಚಿಕೊಂಡ. "ಅಣ್ಣಾ, ಭಾನುವಾರದ ಆಟ ನೋಡೇ ಸೇತುಮಾಧವರು ಐದನೇವರು ಯಾರಂತ ಹೇಳ್ತಾರ. ನಾ ಪೂರಾ ಆಡಿದ್ರ ನಿನ್ನ ಜಾಗ..."

"ಹೋಗ್ತೈತಿ ಅಂತೀಯೇನಲೇ?"

ಕೈಯಲ್ಲಿದ್ದ ಇಕ್ಕಳ ತಿರುವುತ್ತ ನಿಂತ. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಈ ಎರಡು ದಿನ ಗೋಡೆಯನ್ನು ಬಿಡುವುದಿಲ್ಲ.

೩-೧೨, ಭಾನುವಾರ, ಮಧ್ಯಾಹ್ನ

೨೯–೬.

ಬರೆದಿಟ್ಟೆ. ಬೇರೆ ಯಾರಿಗೂ ಹೇಳುವ ಸ್ಕೋರಲ್ಲ. ಹೇಳಬೇಕಾಗಿಯೂ ಇಲ್ಲ, ಅರ್ಧ ಆದೋನಿ ಅಲ್ಲೇ ನಿಂತಿತ್ತು.

ಹುಡುಗ ಹೊಡೆದ ಚೆಂಡು ನನ್ನ ಬ್ಯಾಟಿನ ಹತ್ತಿರ ಬಂದದ್ದೇ ಕಾಣುತ್ತಿರಲಿಲ್ಲ. ಕಂಡಾಗ ಹಿಂದೆ ಬಿದ್ದಿರುತ್ತಿತ್ತು. ಎಡಕ್ಕೆ ಓಡಿಸಿದ, ಬಲಕ್ಕೆ ಓಡಿಸಿದ, ನೆಟ್ಟಿನ ಬುಡಕ್ಕೆ ಕರೆದು ತಲೆಯ ಮೇಲಿಂದ ದಾಟಿಸಿದ. ಎಂಥ ಆಟ! ಇದನ್ನು ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದನಲ್ಲ, ಕಳ್ಳ.

ಸೇತುಮಾಧವ ಕನ್ನಡಕ ಒರೆಸಿದ. "ಚಂದ್ರಣ್ಣ, ಗುಂತಕಲ್ಲಿಗೆ ನೀವೂ ಬರ್ರಿ. ಎಕ್ಸ್‌ಟ್ರಾ ಅಂತ."

ಎಕ್ಸ್‌ಟ್ರಾ.

ಎಲ್ಲರೂ ಹೋದಮೇಲೆ ಓಬಳೇಶ ನೆಟ್ಟು ಬಿಚ್ಚುತ್ತಿದ್ದ. ಹತ್ತಿರ ಹೋದೆ.

"ಲೇ. ಆ ಆರು ಪಾಯಿಂಟು ಖರೇವ?"

ಹಗ್ಗ ಸುತ್ತುತ್ತಲೇ ಇದ್ದ.

"ಕೇಳಿದ್ನೆಲ್ಲ. ಆರೂ ನನ್ನವ ಏನು?"

"ನಾಕು" ಅಂದ.

"ಏನು?"

"ನಾಕು ನಿನ್ನವು ಮಾಮಾ. ಎರಡು..." ಹಗ್ಗ ಕೆಳಗಿಟ್ಟ. "ಆರನೇದು ಬರೂದರಾಗ ನಿನ್ನ ಕಾಲು ನಡುಗ್ತಿದ್ವು. ಜನ ನಗಾಕತ್ತಿದ್ರು. ಕೈ ಏಳಲಿಲ್ಲ ನನಗ. ಶರತ್ತು ಗೊತ್ತೈತಿ. ಸುಳ್ಳು ಹೇಳಿದ್ರೂ ಆಗ್ತಿತ್ತು, ಸಾಕಾಗೈತಿ ನನಗ."

ಬ್ಯಾಟು ಎತ್ತಿಕೊಂಡು ಬಂದುಬಿಟ್ಟೆ.

ಅದೇ ದಿನ, ದೀಪ ಹಚ್ಚಿದ ಮೇಲೆ

ಅಕ್ಕ ಬಂದು ಕಟ್ಟೆಯ ಮೇಲೆ ಕೂತಿದ್ದಾಳೆ. ಎರ್ರಮ್ಮ ಎರಡು ಸಲ ಒಳಗೆ ಬಂದು ನನ್ನ ಮುಖ ನೋಡಿ ಹೋದಳು.

ಶರತ್ತು ಶರತ್ತೇ. ಎರಡು ಬಿಟ್ಟಿದ್ದಾನೆ, ತಾನೇ ಒಪ್ಪಿದ್ದಾನೆ. ಶರತ್ತಿನ ಪ್ರಕಾರ ಹುಡುಗಿ ಇಲ್ಲ.

ಆದರೆ ಎರಡು ಬಿಟ್ಟೆ ಎಂದು ಹುಡುಗಿಯನ್ನೇ ಪಣಕ್ಕಿಟ್ಟು ಹೇಳುವವನು, ನಾಲ್ಕು ನನ್ನವು ಎಂದರೆ ಅವು ನನ್ನವೇ. ತಳದವರೆಗೆ ಕೈ ಹಾಕಿ ನೋಡಿದೆ. ಒಣಗಿದೆ. ಓಬಳೇಶನ ಎದುರು, ಪೂರಾ ಆಟದಲ್ಲಿ, ನಾಲ್ಕು! ಸೇತುಮಾಧವ ಅಷ್ಟು ತೆಗೆಯಲಿ ನೋಡೋಣ.

ಎದ್ದು ಹೋಗಿ "ಕೊಡ್ರಿ" ಅಂದುಬಿಡುತ್ತೇನೆ. ಅಕ್ಕ ಅಳುತ್ತಾಳೆ, ಅಳಲಿ. ನಾಳೆ ಓಬಳೇಶನನ್ನು ಒಂದು ಮಾತು ಕೇಳಬೇಕು. ಆ ಎರಡು ಯಾವುವು? ಮೂಲೆಗೆ ಬಿಟ್ಟೆನಲ್ಲ, ಬಲಗಡೆ ಗೆರೆ ಸವರಿಕೊಂಡು ಹೋಯಿತಲ್ಲ, ಜನ ಓಹೋ ಅಂದರಲ್ಲ, ಅದು ನನ್ನದೇ. ಅದು ಮಾತ್ರ ನನ್ನದೇ ಇರಬೇಕು. ಹಾಗಂತ ಆಗ ಅವನು ಸ್ವಲ್ಪ ತಡವಾಗಿ ಕಾಲು ಎತ್ತಿದ ಹಾಗೆ—