ಅಮ್ಮನನ್ನು ಕೇಳುವ ಮುಂಚೆ

ಯಜಮಾನರಿಗೆ ನಮಸ್ಕಾರ.

ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಹಳೆಯ ಬಂದೂಕುಗಳ ಸಂಗ್ರಹಕ್ಕೆ ಹೋದ ವಾರ ತಂದ ಹಳೆಯ ರಿವಾಲ್ವರ್ ನನ್ನ ಅಪ್ಪ ಕಾವಲಿದ್ದ ಬಂಗಲೆಯದು. ಅದರ ಪಕ್ಕ ಇಡುವ ಚೀಟಿಗೆ ಚರಿತ್ರೆ ಬೇಕೆಂದು ಭಾನುವಾರ ಅಮ್ಮನನ್ನು ಕೇಳಲು ಬರುತ್ತೀರಂತೆ. ಬನ್ನಿ.

ಅದನ್ನು ಒರೆಸುವಾಗ ಗುಂಡು ಹಾರಿ ಅಪ್ಪ ಸತ್ತರು ಎಂದು ಅಮ್ಮ ಹೇಳುತ್ತಾಳೆ. "ನಿಮ್ಮಪ್ಪನಿಗೆ ಎಲ್ಲದಕ್ಕೂ ಅವಸರ ಕಣೇ, ಸಾಯೋದಕ್ಕೂ" ಎಂದು ಈಗಲೂ ಬೈಯುತ್ತಾಳೆ. ನಾನೂ ಹಾಗೇ ನಂಬಿದ್ದೆ.

ಕೆಲಸಕ್ಕೆ ಸೇರಿದ ದಿನ ನೀವು, "ಮೊದಲು ಗುಂಡು ತುಂಬೋ ಉರುಳೆ ಬಿಚ್ಚಿ ಪಕ್ಕಕ್ಕಿಡು ಮಗೂ, ಆಮೇಲೆ ಬಟ್ಟೆ ಮುಟ್ಟು" ಎಂದಿದ್ದಿರಿ. ನಿನ್ನೆ ಈ ರಿವಾಲ್ವರನ್ನೂ ಹಾಗೇ ಬಿಚ್ಚಿದೆ. ಉರುಳೆ ತೆಗೆಯದೆ ಇದರೊಳಗೆ ಬಟ್ಟೆ ಹೋಗುವುದೇ ಇಲ್ಲ. ತೆಗೆದ ಮೇಲೆ ಗುಂಡು ಹಾರುವುದಿಲ್ಲ. ಹದಿನೆಂಟು ವರ್ಷ ಇದನ್ನೇ ಒರೆಸಿದ ಅಪ್ಪನಿಗೆ ಅದು ಗೊತ್ತಿತ್ತು. ಆ ಗುಂಡು ಕೈತಪ್ಪಿ ಹಾರಿದ್ದಲ್ಲ.

ಅಮ್ಮನಿಗೆ ಇದು ಗೊತ್ತಿಲ್ಲ. ದಯವಿಟ್ಟು ಅವಳ ಮುಂದೆ ಅದನ್ನು ಬಿಚ್ಚಿ ತೋರಿಸಬೇಡಿ. ಅವಳು ಹೇಳಿದ್ದನ್ನೇ ಚೀಟಿಯಲ್ಲಿ ಬರೆಯಿರಿ. ನೀವು ಸುಳ್ಳು ಬರೆಯುವವರಲ್ಲ, ಬಲ್ಲೆ. ಅವಳು ಇರುವ ತನಕ ಸಾಕು. ಆಮೇಲೆ ಆ ಚೀಟಿಯನ್ನು ನಾನೇ ಬದಲಿಸುತ್ತೇನೆ.

ಇಂತಿ,
ನಿಮ್ಮಲ್ಲಿ ಒರೆಸುವ ಕೆಲಸದ ಹುಡುಗಿ