ಸ್ಲೈಡಿನಲ್ಲಿ ಇಲ್ಲದ ಕೆಂಪಮ್ಮ

ಸತ್ಯನಾರಾಯಣಪೇಟೆ, ಬಳ್ಳಾರಿ
2 ಡಿಸೆಂಬರ್ 2024, ಸೋಮವಾರ

ಪ್ರೀತಿಯ ಇರ್ಫಾನಾ,

ಸಲಾಮು. ನಿನ್ನ ಸುಪ್ರಜಾ ಇನ್ನೂ ಬದುಕಿದ್ದಾಳೆ, ಬೈಯಬೇಡ. ಮೂರು ವಾರದಲ್ಲಿ ನೀನು ಹನ್ನೊಂದು ಸಲ ಫೋನ್ ಮಾಡಿದ್ದೀ, ನಾನು ಒಂದು ಸಲವೂ ಎತ್ತಲಿಲ್ಲ. ತಪ್ಪಾಯಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ವಾಟ್ಸಾಪಿನಲ್ಲಿ ಬರೆದರೆ ಕಳಿಸಿದ ಮೇಲೂ ಅಳಿಸಿಬಿಡಬಹುದು. ಅಳಿಸಲು ಬರಬಾರದು ಅಂತಲೇ ಕಾಗದ ಹಿಡಿದಿದ್ದೇನೆ. ರಕ್ತದ ಸ್ಯಾಂಪಲ್ ತರಲು ಮಾರೆಣ್ಣ ನಾಳೆ ಸಿರುಗುಪ್ಪಕ್ಕೆ ಬರುತ್ತಾನಲ್ಲ, ಅವನ ಕೈಯಲ್ಲಿ ನಿನ್ನ ಲ್ಯಾಬಿಗೆ ಕಳಿಸುತ್ತೇನೆ. ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಬರುವ ಮನುಷ್ಯ ಅವನು. ಕಾಗದ ಒದ್ದೆಯಾಗಿದ್ದರೆ ನಾನು ಅತ್ತಿದ್ದೇನೆ ಅಂದುಕೊಳ್ಳಬೇಡ. ಅಳುವುದು ಬಿಟ್ಟು ಬಹಳ ದಿನವಾಯಿತು. ಈಗ ಇರುವುದು ಸಿಟ್ಟು ಒಂದೇ.

ಮೊದಲು ಸುದ್ದಿ. ಆ ನಕಲಿ ಡಾಕ್ಟರು ಹುಲುಗೇಶನ ವಿಚಾರಣೆ ಬರುವ ಗುರುವಾರಕ್ಕೆ ನಿಂತಿದೆ. ಬೆಳಗ್ಗೆ ಹನ್ನೊಂದಕ್ಕೆ ಅಧಿಕಾರಿಗಳ ಮುಂದೆ ಅವನೂ ಬರುತ್ತಾನೆ, ನಾನೂ ಹೋಗುತ್ತೇನೆ, ನೀನು ಎಣಿಸಿದ ಏಳು ರಕ್ತದ ಸ್ಲೈಡು ತೆಗೆದುಕೊಂಡು ಬರಬೇಕು. ತೆಕ್ಕಲಕೋಟೆಯ ಅವನ ದವಾಖಾನೆಯ ಬೋರ್ಡು ಇಳಿಸುವ ದಿನ ನಾನು ಕೆಳಗೆ ನಿಂತು ನೋಡಬೇಕು. ಕ್ಷಮಿಸಿಬಿಡು, ದೇವರಿಗೆ ಬಿಡು ಎಂದು ನಮ್ಮ ಓಣಿಯವರೆಲ್ಲ ಹೇಳಿದರು. ದೇವರಿಗೆ ಬಿಡುವುದಾದರೆ ನಾನು ಯಾಕೆ ಹುಟ್ಟಿದ್ದೇನೆ? ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಬಡಿಸುವವರು ಯಾರಾದರೂ ಬೇಕಲ್ಲ, ನಾನು ಬಡಿಸುತ್ತೇನೆ.

ನಿನಗೆ ಅರ್ಧ ಗೊತ್ತಿದೆ. ಆದರೂ ಮೊದಲಿನಿಂದ ಬರೆಯುತ್ತೇನೆ. ಗುರುವಾರ ನನ್ನ ಬಾಯಿ ಕಟ್ಟಿದರೆ ನೀನು ಹೇಳಬೇಕಾಗುತ್ತದೆ.

ಅಮ್ಮನಿಗೆ ಮೊಣಕಾಲು ನೋವು ಎಷ್ಟು ವರ್ಷದ್ದು ಎಂದು ನೀನೇ ಬಲ್ಲೆ. ಏಕಾದಶಿಯ ಉಪವಾಸ ಬಿಟ್ಟಾಳು, ದೇವರಮನೆಯಲ್ಲಿ ಚಕ್ಕಳಮಕ್ಕಳ ಕೂಡುವುದು ಬಿಡಳು. ಯುಗಾದಿ ಕಳೆದ ಮೇಲೆ ಇದ್ದಕ್ಕಿದ್ದಂತೆ ನೋವು ಹೋಯಿತು. ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತತೊಡಗಿದಳು. ಮುಖ ತುಂಬಿಕೊಂಡಿತು. "ಏನಮ್ಮಾ, ಗುಂಡಗುಂಡಗೆ ಆಗೀ" ಎಂದು ಕೆನ್ನೆ ಚಿವುಟಿದ್ದೆ. "ರಾಯರ ಕೃಪಾ ಅದ" ಎಂದು ನಕ್ಕಳು. ರಾಯರದ್ದಲ್ಲ, ಹುಲುಗೇಶನದು. ತೆಕ್ಕಲಕೋಟೆಯಿಂದ ವಾರಕ್ಕೊಮ್ಮೆ ಬಂದು ಮನೆಮನೆಗೆ ಅಕ್ಕಿ ಮಾರುತ್ತಾಳಲ್ಲ ವೀರಭದ್ರಮ್ಮ, ಅವಳ ಅಕ್ಕಿ ಚೀಲದಲ್ಲಿ ಗುಳಿಗೆಯ ಪೊಟ್ಟಣ ಬರುತ್ತಿತ್ತು. ಲ್ಯಾಬಿನ ಮಗಳಿಗೆ ಗೊತ್ತಾದರೆ ಬೈಯುತ್ತಾಳೆ ಎಂದು ಗೋಪೀಚಂದನದ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು.

ಆಗಸ್ಟ್ ಕೊನೆಗೆ ಕುರುಗೋಡಿನ ಹನುಮಪ್ಪನ ಗುಡಿಗೆ ಹೋಗಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವಾಗ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿತು. ತಾನೇ ಕಿತ್ತು ಬಿಸಾಕಿ ಬಂದಳು. ಊದಲಿಲ್ಲ, ಕೆಂಪಾಗಲಿಲ್ಲ, ಜ್ವರ ಬರಲಿಲ್ಲ. ನನಗೂ ನಿನಗೂ ಓದುವಾಗ ಬಾಯಿಪಾಠ ಮಾಡಿಸಿದ್ದರಲ್ಲ, ಉರಿ, ಊತ, ಕೆಂಪು, ನೋವು. ಅದು ರೋಗವಲ್ಲ, ಬಿಳಿ ರಕ್ತಕಣಗಳು ಜಗಳಕ್ಕೆ ಇಳಿದ ಗದ್ದಲ. ಮುಳ್ಳಿನ ಜೊತೆ ಕ್ರಿಮಿ ಒಳಗೆ ಹೋದ ಕೂಡಲೇ ಅಲ್ಲಿನ ಕಣಗಳು ಕೂಗು ಹಾಕಬೇಕು. ಅದನ್ನು ಕೇಳಿ ನ್ಯೂಟ್ರೋಫಿಲ್‌ಗಳು ರಕ್ತನಾಳದ ಗೋಡೆ ಹಿಡಿದು, ಸಂದಿಯಲ್ಲಿ ನುಸುಳಿ, ಗಾಯದ ಕಡೆ ಓಡಬೇಕು. ಅಮ್ಮನ ಮೈಯಲ್ಲಿ ಕೂಗುವ ಬಾಯಿಗೇ ಬಟ್ಟೆ ತುರುಕಿತ್ತು. ಆ ಗುಳಿಗೆಯಲ್ಲಿದ್ದದ್ದು ಸ್ಟಿರಾಯ್ಡ್; ಅದು ಇದ್ದರೆ ಆ ಕಣಗಳು ಗೋಡೆ ಬಿಟ್ಟು ರಕ್ತದಲ್ಲೇ ತೇಲುತ್ತವೆ. ಎಣಿಸಿದರೆ ಬೇಕಾದಷ್ಟು ಸಿಗುತ್ತವೆ, ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಠಾಣೆ ತುಂಬ ಪೊಲೀಸರು, ಕಳವಾದ ಮನೆಗೆ ಒಬ್ಬನೂ ಇಲ್ಲ.

ಒಂಬತ್ತನೆಯ ದಿನ ಬಚ್ಚಲಲ್ಲಿ ಕುಸಿದಳು. ಕಾಲಿನ ಒಳಗೆ ತೊಡೆಯವರೆಗೆ ಕೀವು ಏರಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ಬಿ.ಪಿ. ಏರಲೇ ಇಲ್ಲ. ಎರಡು ದಿನ, ಅಷ್ಟೇ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ದೇವರಮನೆ ಒರೆಸುವಾಗ ಡಬ್ಬಿ ಸಿಕ್ಕಿತು. ನೋಟುಬುಕ್ಕಿನ ಹಾಳೆಯಲ್ಲಿ ಮಡಚಿದ ಪೊಟ್ಟಣಗಳು, ಹೆಚ್ಚಿನವು ಖಾಲಿ, ಒಂದರಲ್ಲಿ ನಾಲ್ಕು ಗುಳಿಗೆ. ವೀರಭದ್ರಮ್ಮ ಬಂದಾಗ ಹಿಡಿದು ಕೇಳಿದೆ. "ಹುಲುಗೇಶ್ ಡಾಕ್ಟ್ರ ಗುಳಿಗಿರಿ ಅಕ್ಕಾರ. ಮೂರು ನುಂಗಿದ್ರ ಸಾಕು, ಮೊಣಕಾಲು ಕುಣೀತಾವು. ನಾನೂ ತಗೋತೀನ್ರಿ" ಅಂದಳು. ಪಾಪ, ಆಕೆಯ ಮುಖವೂ ತುಂಬಿಕೊಂಡಿತ್ತು.

ಇನ್ನು ನನ್ನ ಹುಚ್ಚುತನ ಕೇಳು. ಆ ನಾಲ್ಕು ಗುಳಿಗೆಗಳನ್ನು ಪರೀಕ್ಷೆಗೆ ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ನಾನು ಮೊದಲ ಬಸ್ಸು ಹತ್ತಿ ತೆಕ್ಕಲಕೋಟೆಗೆ ಹೋದೆ. ಅವನ ಜಗುಲಿಯ ಮೇಲೆ ಹದಿನಾರು ಜನ ಮೊಣಕಾಲು ಹಿಡಿದು ಕುಳಿತಿದ್ದರು. ನೆಟ್ಟಗೆ ಒಳಗೆ ನುಗ್ಗಿ ಗುಳಿಗೆಗಳನ್ನು ಅವನ ಮುಖಕ್ಕೆ ಎರಚಿದೆ. "ನಮ್ಮಮ್ಮನ್ನ ಕೊಂದೀ ನೀನು" ಅಂದೆ. ಅವನು ಎದ್ದು ನಿಲ್ಲಲೂ ಇಲ್ಲ. ಬಗ್ಗಿ ಒಂದೊಂದೇ ಗುಳಿಗೆ ಆರಿಸಿ ಜೇಬಿಗೆ ಹಾಕಿಕೊಂಡ.

"ಕ್ಯಾಲ್ಸಿಯಂ ಗುಳಿಗಿ ಇವು ತಂಗೀ. ನಿಮ್ಮ ತಾಯಾರು ನಮ್ಮ ಪೇಷಂಟೇ ಅಲ್ಲ. ನಾ ಕೊಟ್ಟೀನಿ ಅನ್ನಾಕ ಏನೈತಿ ಸಾಕ್ಷಿ? ರಕ್ತದ ರಿಪೋರ್ಟ್ ಐತೇನು ನಿಮ್ಮತ್ರ?"

"ರಕ್ತನ ಅದ" ಎಂದು ಕೂಗಿ ಬಂದೆ. ನಾನು ದೂರು ಕೊಟ್ಟು ಅಧಿಕಾರಿಗಳು ಅವನ ಕಪಾಟು ತೆರೆಯುವಷ್ಟರಲ್ಲಿ ಜ್ವರದ ಮಾತ್ರೆ, ಗ್ಲೂಕೋಸ್ ಪುಡಿ ಬಿಟ್ಟು ಏನೂ ಇರಲಿಲ್ಲ. ಉಳಿದದ್ದು ಕಾಲುವೆಯ ಮೀನಿಗೆ ಹೋಯಿತು ಎಂದು ಊರವರು ನಗುತ್ತಾರಂತೆ. ನಮ್ಮ ಜುಟ್ಟನ್ನು ನಾವೇ ಅವನ ಕೈಗೆ ಕೊಟ್ಟ ಹಾಗಾಯಿತು.

ಆಮೇಲಿನದು ನಿನಗೆ ಗೊತ್ತು. ಮುಳ್ಳು ಚುಚ್ಚಿದ ಆರನೆಯ ದಿನ, ಸೋಮವಾರ, ಸುಸ್ತು ಎಂದಳೆಂದು, ಅಮ್ಮನ ರಕ್ತ ನಾನೇ ತೆಗೆದಿದ್ದೆ. ಆ ಸ್ಲೈಡು ನಮ್ಮ ಲ್ಯಾಬಿನ ಮರದ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಹತ್ತಿಯಲ್ಲಿ ಸುತ್ತಿಕೊಂಡು ನಿನ್ನ ಬಳಿ ಓಡಿ ಬಂದೆ. ನೀನು ನೂರು ಕಣ ಎಣಿಸಿದೆ, ಇನ್ನೂರು ಎಣಿಸಿದೆ, ಐನೂರಕ್ಕೆ ತಲೆ ಎತ್ತಿದೆ.

"ಕೆಂಪಮ್ಮ ಒಬ್ಬಾಕಿನೂ ಇಲ್ಲಲೇ ಸುಪ್ರಜಾ. ಮನಿಗೆ ಬೀಗ ಹಾಕ್ಕೊಂಡು ಹೋಗ್ಯಾಳ."

ಇಯೋಸಿನೋಫಿಲ್ ಎಂಬ ಹೆಸರು ನಾಲಿಗೆಗೆ ತಿರುಗದೆ ನಾವು ಇಟ್ಟ ಹೆಸರು ಕೆಂಪಮ್ಮ. ಕುಂಕುಮ ಉದುರಿಸಿದ ಹಾಗೆ ಮೈತುಂಬ ಕೆಂಪು ಕಾಳು. ಅಮ್ಮನ ರಕ್ತದಲ್ಲಿ ಅವಳಿಗೆ ಎಂದೂ ಬರವಿರಲಿಲ್ಲ. ಮೆಣಸಿನಕಾಯಿ ಘಾಟಿಗೆ, ಧೂಳಿಗೆ, ಊದುಬತ್ತಿಗೆ ಸೀನುವ ಜೀವ ಅದು. ನೂರಕ್ಕೆ ಹನ್ನೆರಡು, ಹದಿನಾಲ್ಕು ಇದ್ದೇ ಇರುತ್ತಿತ್ತು. ಸ್ಟಿರಾಯ್ಡ್ ಹೊಕ್ಕರೆ ಮೊದಲು ಓಡುವವಳೇ ಕೆಂಪಮ್ಮ. "ದೊಡ್ಡ ಸೋಂಕು ಆದ್ರೂ ಆಕಿ ಕಾಣಂಗಿಲ್ಲ. ಒಂದ ಸ್ಲೈಡ್ ನಂಬಿ ಕುಣೀಬ್ಯಾಡ" ಎಂದು ನೀನೇ ಎಚ್ಚರಿಸಿದೆ. ಅದಕ್ಕೇ ನಾನು ಹುಲುಗೇಶನ ಬೇರೆ ರೋಗಿಗಳನ್ನು ಹುಡುಕಿದೆ. ಮುಳ್ಳಿಲ್ಲ, ಜ್ವರವಿಲ್ಲ, ಬರೀ ಮೊಣಕಾಲು ನೋವಿನವರು ಹನ್ನೊಂದು ಜನ. ಅವರ ರಕ್ತವನ್ನೂ ನೀನೇ ಎಣಿಸಿದೆ, ಏಳು ಜನರಲ್ಲಿ ಸೊನ್ನೆ. ಇರ್ಫಾನಾ, ನೀನು ಎಂದೂ ಕಣ್ಣಿಗೆ ಕಾಣದ್ದನ್ನು ಬರೆದವಳಲ್ಲ. ನಿನ್ನ ಸೊನ್ನೆಗೆ ಇರುವ ತೂಕ ನಮ್ಮ ಲ್ಯಾಬಿನ ಇಡೀ ರಿಜಿಸ್ಟರಿಗೆ ಇಲ್ಲ.

ಆ ದಿನ ನೀನು ಇನ್ನೊಂದು ಮಾತು ಕೇಳಿದ್ದೆ. "ಹಂಗಾರ ಆವತ್ತಿನ ರಿಪೋರ್ಟ್‌ನಾಗ ಸೊನ್ನಿ ಇತ್ತಲ್ಲ, ನಿನಗ ಡೌಟ್ ಬರಲಿಲ್ಲೇನು?" ನಾನು ಚಹಾ ಮಾಡು ಅಂದೆ. ನೀನು ಚಹಾ ಮಾಡಿದೆ. ಮತ್ತೆ ಕೇಳಲಿಲ್ಲ.

ಹೋದ ವಾರ ಹುಲುಗೇಶ ನಮ್ಮ ಲ್ಯಾಬಿನ ಬಾಗಿಲಿಗೇ ಬಂದಿದ್ದ. ಬಿಳಿ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. "ಎರಡೂ ಕಡಿ ಮಂದಿ ನೋಡಾಕತ್ತಾರ್ರಿ, ಕೇಸು ಹಿಂದಕ ತಗೋರಿ. ನಾನೂ ಸಣ್ಣ ಮನಷ್ಯ, ಮಂದಿ ನೋವು ಕಮ್ಮಿ ಮಾಡೀನಿ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೇಳಿದೆ: "ನಿನ್ನ ಕಾಲಿಗೂ ಜಾಲಿ ಮುಳ್ಳು ಚುಚ್ಚಲಿ. ನಿನಗೂ ನೋವೇ ಆಗದಿರಲಿ." ಅವನಿಗೆ ಅದು ಶಾಪ ಎಂದು ತಿಳಿಯಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದಾಗ ಅವನ ಮುಖದ ಬಣ್ಣ ಇಳಿಯಿತು ನೋಡು, ಅಮ್ಮ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ಇಂಥವಳಾದೆನಲ್ಲ ಎಂದು ನಾಚಿಕೆಯೂ ಆಗಲಿಲ್ಲ.

ಗುರುವಾರ ತಪ್ಪಿಸಬೇಡ. ಸ್ಲೈಡುಗಳನ್ನು ಮಾರೆಣ್ಣನ ಕೈಗೆ ಕೊಡಬೇಡ, ನೀನೇ ಎದೆಗೆ ಅವಚಿಕೊಂಡು ತಾ. ನಿನ್ನ ತಾಯಿ ಮಾಸುಮಾಬಿ ಅಮ್ಮನ ಕಾಲಿಗೆ ನನ್ನ ನಮಸ್ಕಾರ. ಅವರೂ ಮೊಣಕಾಲು ಹಿಡಿದುಕೊಳ್ಳುತ್ತಾರಲ್ಲ, ಅವರ ದಿಂಬಿನ ಕೆಳಗೆ, ಅಕ್ಕಿ ಡಬ್ಬಿಯಲ್ಲಿ, ಎಲ್ಲ ಕಡೆ ಕೈ ಹಾಕಿ ನೋಡು. ಬೈಯದೆ ನೋಡು. ಅವರಿಗೆ ನೂರು ವರ್ಷವಾಗಲಿ. ನೋವು ಬಂದಾಗ ಅಯ್ಯೋ ಅನ್ನುವ ಶಕ್ತಿ ಅವರ ಮೈಯಲ್ಲಿ ಕೊನೆಯವರೆಗೆ ಇರಲಿ. ನಿನ್ನ ಕಣ್ಣಿಗೆ, ಎಣಿಸುವ ನಿನ್ನ ಬೆರಳಿಗೆ ಒಳ್ಳೆಯದಾಗಲಿ.

ನಿನ್ನ,
ಸುಪ್ರಜಾ

ಮರೆತಿದ್ದು: ಮರೆತಿದ್ದಲ್ಲ. ಮೂರು ವಾರ ಫೋನ್ ಎತ್ತದ್ದು ಇದಕ್ಕೇ. ಗುರುವಾರಕ್ಕೆ ಅಮ್ಮನ ಆವತ್ತಿನ ರಿಪೋರ್ಟನ್ನೂ ತರಬೇಕೆಂದು ನೋಟಿಸಿನಲ್ಲಿದೆ. ಅದರಲ್ಲಿ ಸೊನ್ನೆ ಇಲ್ಲ ಇರ್ಫಾನಾ. ನ್ಯೂಟ್ರೋಫಿಲ್ ಎಂಬತ್ತಾರು, ಲಿಂಫೋಸೈಟ್ ಹತ್ತು, ಮೋನೋಸೈಟ್ ಎರಡು, ಇಯೋಸಿನೋಫಿಲ್ ಎರಡು. ಕೆಳಗೆ ನನ್ನ ಸಹಿ. ನಮ್ಮ ಯಂತ್ರ ಕೆಂಪಮ್ಮನನ್ನು ಬೇರೆ ಮಾಡಿ ಎಣಿಸುವುದಿಲ್ಲ, ಅದನ್ನು ಕಣ್ಣಿನಿಂದ ನೋಡಬೇಕು. ಕೆಲಸ ಕಲಿಯುವಾಗ ಮಧುಸೂದನ ಸರ್ ಹೇಳಿಕೊಟ್ಟ ಪದ್ಧತಿ ನೆನಪಿದೆಯಲ್ಲ: "ಸೊನ್ನೆ ಬರೆದ್ರ ಡಾಕ್ಟರು ಪ್ರಶ್ನೆ ಕೇಳ್ತಾರ, ಸುಮ್ನ ಎರಡು ಬರೀರಿ." ನೀನು ಬರೆಯಲಿಲ್ಲ, ಬೈಸಿಕೊಂಡೆ, ಕೆಲಸ ಬಿಟ್ಟು ಸಿರುಗುಪ್ಪಕ್ಕೆ ಹೋದೆ. ನಾನು ಹದಿನಾಲ್ಕು ವರ್ಷ ಎರಡು ಬರೆದೆ.

ಈಗ ಅದೇ ಲ್ಯಾಬಿನ ಮಾಲೀಕ ಅವರು. ನಿನ್ನೆ ಕರೆದು, "ಕಂಪ್ಯೂಟರಿನಾಗ ಎರಡನ್ನ ಸೊನ್ನೆ ಮಾಡ್ಲಿಕ್ಕೆ ಎಷ್ಟೊತ್ತಮ್ಮಾ? ಹೊಸಾದು ಪ್ರಿಂಟ್ ತೆಗಿ" ಅಂದರು. ಪ್ರಿಂಟ್ ತೆಗೆದೆ, ಹರಿದು ಹಾಕಿದೆ. ಗುರುವಾರ ಹಳೆಯ ರಿಪೋರ್ಟನ್ನೂ ಸ್ಲೈಡನ್ನೂ ಜೊತೆಗೇ ಮೇಜಿನ ಮೇಲಿಟ್ಟು ಹೇಳುತ್ತೇನೆ. ಹುಲುಗೇಶ ನಗಲಿ. ಅವನ ಬೋರ್ಡು ಇಳಿಸುವ ಏಣಿಯನ್ನು ನನ್ನ ಹೆಸರಿನ ಬಾಗಿಲಿಗೂ ತರಲಿ. ಸೇಡು ಅಂದ ಮೇಲೆ ಪೂರ್ತಿ ತೀರಬೇಕು.

ಆ ಆಸ್ಪತ್ರೆಯ ಡಾಕ್ಟರು ಅಮ್ಮನ ದುಂಡು ಮುಖ ನೋಡಿ ಕೇಳಿದ್ದರು, "ಇವರು ಸ್ಟಿರಾಯ್ಡ್ ಏನಾದರೂ ತಗೋತಿದ್ರಾ?" ಹೌದು ಅಂದಿದ್ದರೆ ಕೊಡುವ ಔಷಧವೇ ಬೇರೆಯಿತ್ತು. ನಾನು ಇಲ್ಲ ಅಂದೆ. ಜಂಬದಿಂದ ನನ್ನ ರಿಪೋರ್ಟು ತೋರಿಸಿದೆ, ಇಯೋಸಿನೋಫಿಲ್ ಎರಡು ಇದೆ ಸರ್, ನಾನೇ ನೋಡಿದ್ದೇನೆ ಅಂದೆ. ಅಮ್ಮನಿಗೆ ಆಗ ಇನ್ನೂ ಎಚ್ಚರವಿತ್ತು. ಗುಳಿಗೆಯ ವಿಷಯ ಹೇಳಲೆಂದೇ ಏನೋ, ಬಾಯಿ ತೆರೆದವಳು ನನ್ನ ಮಾತು ಕೇಳಿ ಸುಮ್ಮನಾದಳು. "ಆಕಿ ನೋಡ್ಯಾಳ ಅಂದ್ರ ಮುಗೀತು" ಅಂದಳು.

ಆ ಸೋಮವಾರ ಅಮ್ಮನ ಸ್ಲೈಡನ್ನು ನಾನು ಲೆನ್ಸಿನ ಕೆಳಗೆ ಇಟ್ಟೇ ಇರಲಿಲ್ಲ.