ಮೊದಲ ತಾಟು

12 ಜನವರಿ, ಭಾನುವಾರ, ಕಾರವಾರ

ಖುಷಿಗೆ ನಿದ್ದೆಯೇ ಹತ್ತುತ್ತಿಲ್ಲ. ಅತ್ತೆ ಇವತ್ತು ಎಲ್ಲರಿಗಿಂತ ಮೊದಲು ಉಂಡರು!

ಕಡಲ ದಂಡೆಯ ಬಾರ್ ಆ್ಯಂಡ್ ಗ್ರಿಲ್‌ನಲ್ಲಿ ಕೆಂಡದ ಮೇಲೆ ಸುಟ್ಟ ಬಂಗುಡೆ ಮೊದಲು ಅವರ ಮುಂದೆಯೇ ಬಂತು. ಮನೆಯ ರೂಢಿಯಂತೆ ತಾಟನ್ನು ಮಗನ ಕಡೆ ಸರಿಸಿದರು. "ಗಂಡಸರು ಉಣ್ಲಿ, ಆಮ್ಯಾಲ ನಾ ಉಣ್ತೀನಿ."

ನನಗೆ ಸಿಟ್ಟೇ ಬಂತು. "ನೀವು ಉಣ್ಣೋತನಕ ನಾವ್ಯಾರೂ ಮುಟ್ಟಂಗಿಲ್ಲ ನೋಡ್ರಿ, ಅತ್ತಿ" ಎಂದೆ. ನನ್ನ ಗಂಡನೂ ಕೈಕಟ್ಟಿ ಕುಳಿತುಬಿಟ್ಟರು.

ಅತ್ತೆ ಸೆರಗು ಸರಿಮಾಡಿಕೊಂಡು ಮೀನು ಮುರಿದರು. ಬೆರಳು ನೆಕ್ಕಿ, "ಬಿಸೀದು ಉಂಡ್ರ ಇಷ್ಟು ಛಲೋ ಇರತೈತೇನವಾ?" ಎಂದರು.

ನಾಳೆ ನಮ್ಮೂರು ಹುಲಿಹೈದರದ ಮನೆಗೆ ವಾಪಸ್. ಅಲ್ಲಿ ಮಾವ ಇರುತ್ತಾರೆ. ಇರಲಿ. ಒಲೆಯಿಂದ ಇಳಿದ ಮೊದಲ ರೊಟ್ಟಿ ಅತ್ತೆಯ ತಾಟಿಗೇ. ಮಾವ ಏನಂದರೂ...